ಬೈಕಿನ ಕಡೆಗೀಲು

ಬೈಕಿನ ಬಗ್ಗೆ ನಡೆಯುವ ಮಾತುಕತೆಯಲ್ಲಿ ನಟ್ಟಿಗೆ ಜಾಗವಿಲ್ಲ. ಎಷ್ಟು ಸಿಸಿ, ಎಷ್ಟು ಮೈಲೇಜು, ಸೈಲೆನ್ಸರಿನ ಸದ್ದು ಹೇಗೆ ಎಂಬಲ್ಲಿಂದ ಶುರುವಾದ ಚರ್ಚೆ ಪುರುಸೊತ್ತಿದ್ದರೆ ಸೀಟಿನ ಹೊಲಿಗೆಯವರೆಗೂ ಹೋಗುತ್ತದೆ. ಎಂಜಿನ್ನಿನ ಮಗ್ಗುಲಲ್ಲಿ ಒಂದು ಮುಚ್ಚಳದ ಹಿಂದೆ, ಚೈನಿನ ಎಣ್ಣೆಯೂ ರಸ್ತೆಯ ಧೂಳೂ ಕಲೆತ ಕಪ್ಪು ಮುದ್ದೆಯಲ್ಲಿ ಹೂತು ಕೂತ ಆ ಒಂದು ನಟ್ಟಿನ ಸುದ್ದಿ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಎಂಜಿನ್ ಮಾಡಿದ ದುಡಿಮೆಯಷ್ಟೂ ಹಿಂದಿನ ಚಕ್ರಕ್ಕೆ ಹೋಗಬೇಕಾದರೆ ಚೈನನ್ನು ಎಳೆಯುವ ಮುಂದಿನ ಸ್ಪ್ರಾಕೆಟ್ಟನ್ನು ದಾಟಿಯೇ ಹೋಗಬೇಕು. ಆ ಸ್ಪ್ರಾಕೆಟ್ಟನ್ನು ಅದರ ಜಾಗದಲ್ಲಿ ಕೂರಿಸಿರುವುದು ಈ ನಟ್ಟು. ಎತ್ತಿನಗಾಡಿಯ ಅಚ್ಚಿನ ತುದಿಯಲ್ಲಿ ಕಡೆಗೀಲು ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಒಂದು ವ್ಯತ್ಯಾಸವಿದೆ: ಕಡೆಗೀಲು ಕಳಚಿದರೆ ಚಕ್ರ ಆಗಲೇ ಉರುಳಿಹೋಗುತ್ತದೆ, ಗಾಡಿಯವನಿಗೆ ತಪ್ಪು ಎಲ್ಲಾಯಿತೆಂದು ಆ ಕ್ಷಣಕ್ಕೇ ಗೊತ್ತಾಗುತ್ತದೆ. ಸ್ಪ್ರಾಕೆಟ್ಟಿನ ನಟ್ಟು ಸಡಿಲಾದರೆ ಗಾಡಿ ಓಡುತ್ತಲೇ ಇರುತ್ತದೆ. ಸಾವಿರಾರು ಕಿಲೋಮೀಟರು ಆದಮೇಲೆ ಶಾಫ್ಟಿನ ಹಲ್ಲು ನುಣ್ಣಗಾದಾಗ, ‘ಹಳೇ ಗಾಡಿ, ಸವೆದಿದೆ’ ಎಂದು ವಯಸ್ಸಿನ ಮೇಲೆ ಹಾಕಿಬಿಡುತ್ತೇವೆ. ಈ ತೀರ್ಪು ತಪ್ಪು ಎನ್ನುವುದು ನನ್ನ ವಾದ. ಸ್ಪ್ಲೈನು ವಯಸ್ಸಿನಿಂದ ಸಾಯುವುದು ಅಪರೂಪ. ಸಡಿಲಿನಿಂದ ಸಾಯುವುದೇ ಹೆಚ್ಚು.

ಸ್ಪ್ಲೈನ್ ಎಂದರೆ ಗೇರ್‌ಬಾಕ್ಸಿನಿಂದ ಹೊರಕ್ಕೆ ಚಾಚಿದ ಶಾಫ್ಟಿನ ಮೈಮೇಲೆ ಉದ್ದಕ್ಕೆ ಕೊರೆದ ಹಲ್ಲುಗಳ ಸಾಲು. ಸ್ಪ್ರಾಕೆಟ್ಟಿನ ನಡುವಿನ ತೂತಿನಲ್ಲಿ ಅದಕ್ಕೆ ಹೊಂದುವ ಹಲ್ಲುಗಳಿರುತ್ತವೆ. ಒಂದನ್ನು ಇನ್ನೊಂದರ ಮೇಲೆ ಜಾರಿಸಿ ಕೂರಿಸಿದರೆ ಶಾಫ್ಟು ತಿರುಗಿದಂತೆ ಸ್ಪ್ರಾಕೆಟ್ಟೂ ತಿರುಗುತ್ತದೆ. ನೋಡಲು ಸಲೀಸಾದ ಈ ಜೋಡಣೆಯ ಮೇಲೆ ಬೀಳುವ ಹೊರೆಯನ್ನು ಲೆಕ್ಕ ಹಾಕಿ ನೋಡಬೇಕು. ಇವತ್ತಿನ 350 ಸಿಸಿಯ ಸಿಂಗಲ್ ಸಿಲಿಂಡರ್ ಎಂಜಿನ್ ಸುಮಾರು 27 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ ಎಂದುಕೊಳ್ಳೋಣ. ಕ್ಲಚ್ಚಿನ ಕಡೆಯ ಗೇರು ಮತ್ತು ಫಸ್ಟ್ ಗೇರು ಎರಡೂ ಸೇರಿ ಅದನ್ನು ಆರು ಪಟ್ಟು ಹಿಗ್ಗಿಸಿದರೆ ಶಾಫ್ಟಿನ ತುದಿಯಲ್ಲಿ 160 ಆಗುತ್ತದೆ. ಸ್ಪ್ಲೈನು ಇರುವುದು ಶಾಫ್ಟಿನ ನಡುಗೆರೆಯಿಂದ ಹೆಚ್ಚೆಂದರೆ 12 ಮಿಲಿಮೀಟರ್ ದೂರದಲ್ಲಿ. ಅಷ್ಟು ಹತ್ತಿರದಲ್ಲಿ 160 ನ್ಯೂಟನ್ ಮೀಟರನ್ನು ಹಿಡಿದಿಡಬೇಕಾದರೆ ಹಲ್ಲುಗಳೆಲ್ಲ ಸೇರಿ 1,300 ಕಿಲೋ ತೂಕಕ್ಕೆ ಸಮನಾದ ಒತ್ತಡವನ್ನು ಹೊರಬೇಕು. ಅದೂ ಒಂದೇ ಸಮನೆ ಬರುವ ಒತ್ತಡವಲ್ಲ. ನಾಲ್ಕು ಸ್ಟ್ರೋಕಿನ ಸಿಂಗಲ್ ಎಂಜಿನ್ನು ಎರಡು ಸುತ್ತಿಗೆ ಒಮ್ಮೆ ಮಾತ್ರ ಒದೆಯುತ್ತದೆ. 4,000 ಆರ್‌ಪಿಎಮ್ಮಿನಲ್ಲಿ ಸೆಕೆಂಡಿಗೆ ಮೂವತ್ತಮೂರು ಒದೆತ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಚಕ್ರವೇ ಎಂಜಿನ್ನನ್ನು ತಳ್ಳಲು ಶುರುಮಾಡಿ ಹಲ್ಲಿನ ಇನ್ನೊಂದು ಮೈ ಹೊರೆ ಹೊರುತ್ತದೆ. ಹಂಪುಗಳಿಗೆ ಬರವಿಲ್ಲದ ನಮ್ಮ ರಸ್ತೆಗಳಲ್ಲಿ ಈ ಅದಲುಬದಲು ಎಷ್ಟು ಸಲ ನಡೆಯುತ್ತದೆಂದು ಬೇರೆ ಹೇಳಬೇಕಿಲ್ಲ.

ಇಷ್ಟು ಹೊರೆಯನ್ನು ಹಲ್ಲುಗಳು ಹೊರುತ್ತವೆ, ಹೊರಲೆಂದೇ ಅವುಗಳ ಹೊರಮೈಯನ್ನು ಕಾಯಿಸಿ ಗಟ್ಟಿ ಮಾಡಿರುತ್ತಾರೆ. ಅವು ತಡೆಯಲಾರದ್ದು ಹೊರೆಯನ್ನಲ್ಲ, ಜಾರಾಟವನ್ನು. ಇಂಗ್ಲೆಂಡಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಟಾಮ್ಲಿನ್‌ಸನ್ 1927ರಲ್ಲಿ, ಒಂದಕ್ಕೊಂದು ಒತ್ತಿಕೊಂಡ ಉಕ್ಕಿನ ಮೈಗಳು ಏಕೆ ತುಕ್ಕು ಹಿಡಿಯುತ್ತವೆ ಎಂದು ಪರೀಕ್ಷಿಸಿ ನೋಡಿದ. ಬರೀ ಒತ್ತಡದಿಂದ ಏನೂ ಆಗುವುದಿಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣದಾದರೂ ಜಾರಾಟ ಇದ್ದರೆ ಮಾತ್ರ ಆ ಮೈ ಕೆಡುತ್ತದೆ ಎಂಬುದು ಅವನು ಕಂಡ ಮುಖ್ಯ ಸಂಗತಿ. ಸ್ಪ್ಲೈನಿನ ಮಟ್ಟಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಸ್ಪ್ರಾಕೆಟ್ಟು ಶಾಫ್ಟಿನ ಮೇಲೆ ಕೂದಲೆಳೆಯಷ್ಟು ಅಲ್ಲಾಡಿದರೂ ಹಲ್ಲುಗಳ ಉಬ್ಬುತಗ್ಗು ಉಜ್ಜಿ ಕಬ್ಬಿಣದ ಸಣ್ಣ ಕಣಗಳು ಉದುರುತ್ತವೆ, ಗಾಳಿ ತಾಗಿ ಅವು ತುಕ್ಕಾಗುತ್ತವೆ. ಆ ತುಕ್ಕು ಮೆತ್ತಗಿನ ಪುಡಿಯಲ್ಲ. ಅಕ್ಕಸಾಲಿಗರೂ ಕನ್ನಡಿ ಮಾಡುವವರೂ ಹೊಳಪು ಕೊಡಲು ಬಳಸುವ ಕೆಂಪು ಪುಡಿ ಇದೇ ಐರನ್ ಆಕ್ಸೈಡು. ಅಂದರೆ ಸವೆತ ತನಗೆ ಬೇಕಾದ ಉಜ್ಜುಪುಡಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ಮೇಲಿನ ಗಟ್ಟಿ ಪದರ ಹೋದಮೇಲೆ ಒಳಗಿನ ಮೆದು ಉಕ್ಕು ಬೇಗ ಬೇಗ ಸವೆಯುತ್ತದೆ, ಸಂದು ಹಿಗ್ಗುತ್ತದೆ, ಜಾರಾಟ ಬಡಿತವಾಗುತ್ತದೆ. ಆಯುಧಪೂಜೆಯ ದಿನ ಗಾಡಿ ತೊಳೆದು ಕುಂಕುಮವಿಟ್ಟು, ಚಕ್ರದಡಿಗೆ ನಿಂಬೆಹಣ್ಣಿಟ್ಟು ಹತ್ತಿಸುವ ನಾವು, ಸ್ಪ್ರಾಕೆಟ್ಟಿನ ಮುಚ್ಚಳದೊಳಗೆ ಇನ್ನೊಂದು ಕೆಂಪು ಪುಡಿ ಉದುರುತ್ತಿದೆಯೋ ಎಂದು ನೋಡುವುದಿಲ್ಲ. ನೋಡಿದರೆ ವರ್ಷಕ್ಕೊಮ್ಮೆಯ ಪೂಜೆಗೆ ಇನ್ನಷ್ಟು ಅರ್ಥ ಬರುತ್ತಿತ್ತು.

ಹಾಗಾದರೆ ನಟ್ಟು ಏಕೆ ಸಡಿಲಾಗುತ್ತದೆ? ‘ವೈಬ್ರೇಷನ್ನಿಗೆ’ ಎನ್ನುವುದು ಗ್ಯಾರೇಜಿನ ಉತ್ತರ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 1969ರಲ್ಲಿ ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರು ಇದನ್ನು ಯಂತ್ರ ಕಟ್ಟಿಯೇ ತೋರಿಸಿದ: ಬೋಲ್ಟಿನ ಉದ್ದಕ್ಕೆ ಎಳೆದಾಡಿದ್ದಕ್ಕಿಂತ, ಅದು ಹಿಡಿದಿರುವ ತುಂಡುಗಳನ್ನು ಅಡ್ಡಡ್ಡಕ್ಕೆ ಜಾರಾಡಿಸಿದಾಗ ನಟ್ಟು ಬಹಳ ಬೇಗ ತಾನಾಗಿ ಬಿಚ್ಚಿಕೊಳ್ಳುತ್ತದೆ. ನಟ್ಟನ್ನು ಹಿಡಿದಿರುವುದು ಘರ್ಷಣೆ. ಅಡ್ಡ ಜಾರಾಟ ಆ ಘರ್ಷಣೆಯನ್ನು ತನಗೇ ಖರ್ಚು ಮಾಡಿಕೊಂಡರೆ, ನಟ್ಟು ಹಿಂದಕ್ಕೆ ತಿರುಗುವುದನ್ನು ತಡೆಯಲು ಏನೂ ಉಳಿಯುವುದಿಲ್ಲ. ಇದರಿಂದ ಒಂದು ವಿಷಚಕ್ರ ಹುಟ್ಟುತ್ತದೆ. ನಟ್ಟಿನ ಬಿಗಿ ಸಾಲದಿದ್ದರೆ ಸ್ಪ್ರಾಕೆಟ್ಟು ಜಾರುತ್ತದೆ, ಸ್ಪ್ರಾಕೆಟ್ಟು ಜಾರಿದರೆ ನಟ್ಟು ಇನ್ನಷ್ಟು ಸಡಿಲಾಗುತ್ತದೆ, ನಡುವೆ ಸಿಕ್ಕ ಸ್ಪ್ಲೈನು ಎರಡರ ದಂಡವನ್ನೂ ತೆರುತ್ತದೆ. ಸರಿಯಾಗಿ ಬಿಗಿದ ನಟ್ಟು ಸ್ಪ್ರಾಕೆಟ್ಟು ಹೊರಗೆ ಬೀಳದಂತೆ ತಡೆಯುವುದಷ್ಟೇ ಅಲ್ಲ, ಅದನ್ನು ಶಾಫ್ಟಿನ ಮೆಟ್ಟಿಲಿಗೆ ಅದುಮಿ ಜಾರಾಟವನ್ನೇ ನಿಲ್ಲಿಸುತ್ತದೆ. 20 ಮಿಲಿಮೀಟರಿನ ಒಂದು ನಟ್ಟನ್ನು 100 ನ್ಯೂಟನ್ ಮೀಟರಿಗೆ ಬಿಗಿದರೆ ಅದು ಎರಡೂವರೆ ಟನ್ನಿನಷ್ಟು ಬಲದಿಂದ ಅದುಮುತ್ತದೆ. ಈ ಅದುಮುವಿಕೆಯೇ ಸ್ಪ್ಲೈನಿನ ನಿಜವಾದ ರಕ್ಷಣೆ.

ಇಲ್ಲೊಂದು ಸೂಕ್ಷ್ಮವಿದೆ, ಗ್ಯಾರೇಜುಗಳಲ್ಲಿ ಬಹಳ ಕಡಿಮೆ ಲೆಕ್ಕಕ್ಕೆ ಬರುವಂಥದು. ಬಿಗಿದ ಬೋಲ್ಟು ಸ್ಪ್ರಿಂಗಿನ ಹಾಗೆ ಕೊಂಚ ಹಿಗ್ಗಿರುತ್ತದೆ. ಆ ಹಿಗ್ಗು ಇರುವವರೆಗೆ ಬಿಗಿ ಇರುತ್ತದೆ. ಉದ್ದನೆಯ ಬೋಲ್ಟಾದರೆ, ಉದಾಹರಣೆಗೆ ಸಿಲಿಂಡರ್ ಹೆಡ್ಡಿನದು, ಹೆಚ್ಚು ಹಿಗ್ಗುತ್ತದೆ. ನಡುವೆ ಏನಾದರೂ ತುಸು ಕುಗ್ಗಿದರೂ ತಡೆದುಕೊಳ್ಳುತ್ತದೆ. ಸ್ಪ್ರಾಕೆಟ್ಟಿನ ನಟ್ಟು ಹಿಡಿದಿರುವುದು ಒಂದು ಬೆರಳಿನ ದಪ್ಪವನ್ನೂ ಅಲ್ಲ. ಅಷ್ಟು ಗಿಡ್ಡ, ಅಷ್ಟು ದಪ್ಪದ ಜೋಡಣೆಯಲ್ಲಿ ಹಿಗ್ಗು ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಹೊಸ ಸ್ಪ್ರಾಕೆಟ್ಟಿನ ಮೇಲೆ ಬಳಿದ ಬಣ್ಣ ಇದಕ್ಕಿಂತ ದಪ್ಪ ಇರಬಹುದು. ಮೆಟ್ಟಿಲಿಗೆ ಮೆತ್ತಿದ ಹಳೆಯ ಗ್ರೀಸಿನ ಜಿಡ್ಡು, ಒಂದು ಮರಳಿನ ಕಣ, ಹಳೆ ವಾಷರಿನ ಮುರುಕು ಇವೂ ಅಷ್ಟೆ. ಬಿಗಿಯುವಾಗ ನಟ್ಟು ಕಲ್ಲಿನ ಹಾಗೆ ಕೂತಿತೆಂದು ಅನ್ನಿಸುತ್ತದೆ. ಆಮೇಲೆ ಬಿಸಿಗೂ ಒದೆತಕ್ಕೂ ಆ ಬಣ್ಣ ಚಪ್ಪಟೆಯಾಗಿ ಹಿಂಡಿಹೋದರೆ, ನಟ್ಟು ತಿರುಗದೆಯೇ ಬಿಗಿ ಹೋಗಿರುತ್ತದೆ. ಆದ್ದರಿಂದ ಬಿಗಿಯುವುದಕ್ಕಿಂತ ಮುಂಚಿನ ಒರೆಸುವುದು, ತೊಳೆಯುವುದು, ಕೂರುವ ಮೈಯಿಂದ ಬಣ್ಣ ಕೆರೆಯುವುದು, ಇವು ಚಿಲ್ಲರೆ ಕೆಲಸಗಳಲ್ಲ. ಬಿಗಿದ ನಟ್ಟನ್ನು ಕೆಲವು ನೂರು ಕಿಲೋಮೀಟರ್ ಓಡಿಸಿದಮೇಲೆ ಇನ್ನೊಮ್ಮೆ ನೋಡುವುದೂ ಇದೇ ಕಾರಣಕ್ಕೆ.

‘ಅದಕ್ಕೇ ತಾನೇ ಸ್ಪ್ರಿಂಗ್ ವಾಷರ್ ಇರುವುದು?’ ಎಂದು ಯಾರಾದರೂ ಕೇಳಬಹುದು. ಸುರುಳಿಯಂತೆ ಸೀಳಿರುವ ಆ ವಾಷರಿನ ಮೇಲೆ ನಮಗಿರುವ ಭಕ್ತಿ ದೊಡ್ಡದು, ಆದರೆ ಅದು ನಿಲ್ಲುವಂಥದ್ದಲ್ಲ. ಅಮೆರಿಕದ ನಾಸಾ 1990ರಲ್ಲಿ ಹೊರತಂದ ಬೋಲ್ಟುಗಳ ಕೈಪಿಡಿಯೇ ಹೇಳುವಂತೆ, ಬೋಲ್ಟು ಪೂರ್ತಿ ಬಿಗಿಯಾಗುವ ಹೊತ್ತಿಗೆ ಈ ವಾಷರು ಚಪ್ಪಟೆಯಾಗಿಬಿಟ್ಟಿರುತ್ತದೆ. ಆಮೇಲೆ ಅದಕ್ಕೂ ಸಾದಾ ವಾಷರಿಗೂ ಭೇದವಿಲ್ಲ. ಯುಂಕರನ ಬಗೆಯ ಪರೀಕ್ಷೆಗಳಲ್ಲೂ ಅದು ನಟ್ಟನ್ನು ಉಳಿಸುವುದಿಲ್ಲ. ಕಿವಿ ಮಡಿಸುವ ಲಾಕ್ ವಾಷರಿನದು ಬೇರೆ ಲೆಕ್ಕ. ಅದು ಬಿಗಿಯನ್ನು ಕಾಪಾಡುವುದಿಲ್ಲ, ನಟ್ಟು ಪೂರ್ತಿ ಬಿಚ್ಚಿ ಬೀಳದಂತೆ ಮಾತ್ರ ನೋಡಿಕೊಳ್ಳುತ್ತದೆ. ಇದು ದೊಡ್ಡ ಉಪಕಾರವೇ. ಹೈವೇಯಲ್ಲಿ ಸ್ಪ್ರಾಕೆಟ್ಟು ಕಳಚಿ ಚೈನು ಸುತ್ತಿಕೊಂಡರೆ ಹಿಂದಿನ ಚಕ್ರ ಲಾಕಾಗಬಹುದು, ಕ್ರ್ಯಾಂಕ್‌ಕೇಸ್ ಒಡೆಯಬಹುದು. ಆದರೆ ಕಿವಿ ಮಡಿಸಿದೆ ಎಂದ ಮಾತ್ರಕ್ಕೆ ನಟ್ಟು ಬಿಗಿಯಾಗಿದೆ ಎಂದು ತಿಳಿಯಬಾರದು. ಅದೇ ಕಿವಿಯನ್ನು ಬಿಡಿಸಿ, ಸುತ್ತಿಗೆಯಲ್ಲಿ ತಟ್ಟಿ ನೆಟ್ಟಗೆ ಮಾಡಿ ಮತ್ತೆ ಮಡಿಸುವ ಮಿತವ್ಯಯವಂತೂ ಬೇಡ; ಎರಡನೆಯ ಸಲ ಮಡಿಸಿದ ಕಿವಿ ಸೀಳು ಬಿಟ್ಟು ಮುರಿಯುತ್ತದೆ, ಮುರಿದ ಚೂರು ಹೋಗಿ ಎಲ್ಲಿ ಸೇರುತ್ತದೆಂದು ಹೇಳಲಾಗದು.

ಲೋಕ್‌ಟೈಟ್ ಎಂದು ನಾವು ಕರೆಯುವ ಥ್ರೆಡ್ ಅಂಟಿನ ಬಗ್ಗೆ ನನಗೆ ಹೆಚ್ಚು ಗೌರವವಿದೆ. ಅಮೆರಿಕದ ಹಾರ್ಟ್‌ಫರ್ಡಿನ ರಸಾಯನಶಾಸ್ತ್ರದ ಪ್ರೊಫೆಸರ್ ವರ್ನನ್ ಕ್ರೀಬಲ್ 1953ರ ಸುಮಾರಿಗೆ ರೂಪಿಸಿದ ಈ ದ್ರವ ಗಾಳಿಯಿರುವ ಕಡೆ ದ್ರವವಾಗಿಯೇ ಇದ್ದು, ಗಾಳಿಯಿಲ್ಲದ ಲೋಹದ ಸಂದಿನಲ್ಲಿ ಮಾತ್ರ ಗಟ್ಟಿಯಾಗುತ್ತದೆ. ಥ್ರೆಡ್ಡಿನ ನಡುವಿನ ಖಾಲಿ ಜಾಗ ತುಂಬಿ ಜಾರಾಟಕ್ಕೇ ಎಡೆಯಿಲ್ಲದಂತೆ ಮಾಡುವುದರಿಂದ, ಸ್ಪ್ರಿಂಗ್ ವಾಷರಿನಂತಲ್ಲದೆ ಇದು ರೋಗದ ಮೂಲಕ್ಕೇ ಕೈಹಾಕುತ್ತದೆ. ಷರತ್ತು ಒಂದೇ: ಥ್ರೆಡ್ಡಿನಲ್ಲಿ ಎಣ್ಣೆಯ ಪಸೆ ಇರಬಾರದು. ಚೈನಿನ ಎಣ್ಣೆ ನಿತ್ಯ ಸಿಡಿಯುವ ಜಾಗದಲ್ಲಿ, ಬಟ್ಟೆಯಲ್ಲಿ ಒಮ್ಮೆ ಒರೆಸಿ ಎರಡು ಹನಿ ಬಿಟ್ಟರೆ ಅದು ದುಡ್ಡು ದಂಡ. ಇನ್ನು ಇದರಲ್ಲೇ ಬಲವಾದ ಕೆಂಪು ಅಂಟನ್ನು ಹಾಕಿಬಿಟ್ಟರೆ ಮುಂದಿನ ಸಲ ಬಿಚ್ಚುವವನು ನಟ್ಟನ್ನು 250 ಡಿಗ್ರಿಯಷ್ಟು ಕಾಯಿಸಬೇಕು, ಪಕ್ಕದಲ್ಲೇ ಇರುವ ಆಯಿಲ್ ಸೀಲ್ ಅದನ್ನು ತಡೆಯುವುದಿಲ್ಲ. ಬಿಚ್ಚುವ ಕೆಲಸ ಮತ್ತೆ ಬರುವ ಕಡೆ ಅಷ್ಟು ಬಲವಿಲ್ಲದ ನೀಲಿ ಅಂಟೇ ಸಾಕು. ಅದೂ ಬಿಗಿಗೆ ಜೊತೆಯಾಗಿ, ಬಿಗಿಯ ಬದಲಿಗಲ್ಲ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಅನುಭವಿ ಮೆಕ್ಯಾನಿಕ್ಕುಗಳದು. ‘ಮೂವತ್ತು ವರ್ಷದಿಂದ ಕೈಯಂದಾಜಿನಲ್ಲೇ ಬಿಗೀತಿದೀನಿ ಸಾರ್, ಈ ಟಾರ್ಕ್ ರೆಂಚೆಲ್ಲ ಕಂಪನಿಯವರ ಶೋಕಿ’ ಎನ್ನುವ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಅಂಕಿಅಂಶ ಅವರ ಪರವಾಗಿಯೇ ಸ್ವಲ್ಪ ವಾಲುತ್ತದೆ. ಎಂಜಿನಿಯರಿಂಗ್ ಪುಸ್ತಕಗಳು ಒಪ್ಪುವ ಅಂದಾಜಿನಂತೆ ಕೈಯಂದಾಜಿನಲ್ಲಿ ಬಿಗಿದರೆ ಬೋಲ್ಟಿನ ಎಳೆತ ಬೇಕಾದದ್ದಕ್ಕಿಂತ ನೂರಕ್ಕೆ ಮೂವತ್ತೈದರಷ್ಟು ಆಚೆಈಚೆ ಆಗಬಹುದು. ಟಾರ್ಕ್ ರೆಂಚಿನಲ್ಲೂ ನೂರಕ್ಕೆ ಇಪ್ಪತ್ತೈದರಷ್ಟು ಏರುಪೇರು ಇದ್ದೇ ಇದೆ. ಏಕೆಂದರೆ ರೆಂಚು ಅಳೆಯುವುದು ತಿರುಗಿಸುವ ಬಲವನ್ನು, ಬೋಲ್ಟಿನ ಎಳೆತವನ್ನಲ್ಲ. ಹಾಕಿದ ಬಲದಲ್ಲಿ ಸುಮಾರು ಅರ್ಧ ನಟ್ಟಿನಡಿಯ ಉಜ್ಜಾಟಕ್ಕೂ ಇನ್ನು ನಲವತ್ತು ಪಾಲು ಥ್ರೆಡ್ಡಿನ ಉಜ್ಜಾಟಕ್ಕೂ ಹೋಗಿ, ನಿಜವಾದ ಬಿಗಿಗೆ ಸಿಗುವುದು ನೂರರಲ್ಲಿ ಹತ್ತೇ ಪಾಲು. ಥ್ರೆಡ್ಡು ತುಕ್ಕು ಹಿಡಿದಿದ್ದರೆ ಆ ಹತ್ತೂ ಸಿಗದು, ರೆಂಚು ಮಾತ್ರ ‘ಟಕ್’ ಎಂದು ಆಯಿತೆನ್ನುತ್ತದೆ. ಹಾಗಾಗಿ ರೆಂಚು ಕೊಂಡವನು ಗೆದ್ದ, ಕೈಯಂದಾಜಿನವನು ಸೋತ ಎಂದು ನಾನು ಹೇಳುವುದಿಲ್ಲ. ಕೈಯಂದಾಜಿನ ಕೊರತೆ ಬೇರೆ ಕಡೆ ಇದೆ. ದಿನವಿಡೀ ಬಿಚ್ಚಿ ಬಿಗಿಯುವ 6 ಮಿಲಿಮೀಟರಿನ ಬೋಲ್ಟುಗಳಿಗೆ ಬೇಕಾದದ್ದು ಹತ್ತರ ಸುಮಾರಿನ ನ್ಯೂಟನ್ ಮೀಟರು. ಕೈ ಪಳಗುವುದು ಅದಕ್ಕೆ. ನೂರು ಬೇಡುವ ನಟ್ಟು ಅಪರೂಪಕ್ಕೆ ಬರುತ್ತದೆ, ಅದನ್ನು ಬಿಗಿಯುವಾಗ ಶಾಫ್ಟನ್ನು ತಿರುಗದಂತೆ ಹಿಡಿಯುವುದೂ ಕಷ್ಟ. ಸ್ಪಾನರು ಗಿಡ್ಡವಿದ್ದರಂತೂ ನಟ್ಟನ್ನು ಉಳಿಯಿಟ್ಟು ಸುತ್ತಿಗೆಯಲ್ಲಿ ಹೊಡೆದು ಬಿಗಿಯುತ್ತಾರೆ. ನಟ್ಟಿನ ಮೂಲೆ ಹಾರಿದ್ದನ್ನು ಕಂಡರೆ ಅಲ್ಲಿ ಬಿಗಿ ಎಷ್ಟಾಯಿತೆಂದು ಹೊಡೆದವನಿಗೂ ಗೊತ್ತಿಲ್ಲ ಎಂದೇ ಅರ್ಥ. ಚೈನು ಹಾಕಿ, ಚಕ್ರ ನೆಲಕ್ಕಿಟ್ಟು, ಗೇರಿನಲ್ಲಿಟ್ಟು, ಒಬ್ಬ ಹಿಂದಿನ ಬ್ರೇಕ್ ಒತ್ತಿ ಹಿಡಿದರೆ ಇನ್ನೊಬ್ಬ ಉದ್ದ ಹಿಡಿಯ ಸಾಕೆಟ್ಟಿನಲ್ಲಿ ಶಾಂತವಾಗಿ ಬಿಗಿಯಬಹುದು. ಇದಕ್ಕೆ ಕಂಪನಿಯ ಶೋಕಿ ಏನೂ ಬೇಕಿಲ್ಲ, ಇಬ್ಬರು ಮನುಷ್ಯರು ಬೇಕು.

ಎಲ್ಲ ಗಾಡಿಗಳಲ್ಲೂ ನಟ್ಟೇ ಇರುವುದಿಲ್ಲ, ಇದನ್ನೂ ಒಪ್ಪಬೇಕು. ನಮ್ಮ ಬೀದಿಗಳಲ್ಲಿ ಅತಿ ಹೆಚ್ಚು ಕಾಣುವ 100, 125 ಸಿಸಿಯ ಗಾಡಿಗಳಲ್ಲಿ ಬಹುಪಾಲು ಒಂದು ತೆಳು ಹಲ್ಲಿನ ತಗಡನ್ನು ಶಾಫ್ಟಿನ ಮೇಲೆ ಕೊರೆದ ತೋಡಿನೊಳಗೆ ಅರ್ಧ ಹಲ್ಲಿನಷ್ಟು ತಿರುಗಿಸಿ, ಎರಡು ಸಣ್ಣ ಬೋಲ್ಟುಗಳಿಂದ ಸ್ಪ್ರಾಕೆಟ್ಟಿಗೆ ಸೇರಿಸಿರುತ್ತಾರೆ. ಅಲ್ಲಿ ಸ್ಪ್ರಾಕೆಟ್ಟು ಮೆಟ್ಟಿಲಿಗೆ ಅದುಮಿಕೊಂಡಿರುವುದಿಲ್ಲ, ಅಡ್ಡಕ್ಕೆ ತುಸು ಸರಿದಾಡುವುದು ಅದರ ಹುಟ್ಟುಗುಣ. ‘ಹಾಗಿದ್ದರೆ ನಿಮ್ಮ ವಾದ ಬಿದ್ದುಹೋಯಿತಲ್ಲ’ ಎನ್ನಬಹುದು. ಬೀಳುವುದಿಲ್ಲ, ಇನ್ನೊಂದು ದಾರಿ ಹಿಡಿಯುತ್ತದೆ. ಅದುಮುವಿಕೆ ಇಲ್ಲದ ಕಡೆ ಜಾರಾಟವನ್ನು ತಡೆಯಬೇಕಾದದ್ದು ಹಲ್ಲುಗಳ ಹೊಂದಿಕೆಯೊಂದೇ. ಹೀಗಾಗಿ ಅಲ್ಲಿ ಸ್ಪ್ರಾಕೆಟ್ಟಿನ ಗುಣಮಟ್ಟ ಹೆಚ್ಚು ಮುಖ್ಯ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಕ್ಕ ಹೆಸರಿಲ್ಲದ ಸ್ಪ್ರಾಕೆಟ್ಟಿನ ತೂತು ಕೊಂಚ ದೊಡ್ಡದಿದ್ದರೆ, ಅದು ಮೊದಲ ದಿನದಿಂದಲೇ ಶಾಫ್ಟನ್ನು ತಿನ್ನಲು ಶುರುಮಾಡುತ್ತದೆ. ಇಂಥ ಗಾಡಿಯಲ್ಲಿ ಪರೀಕ್ಷೆ ಸುಲಭ: ಗೇರಿಗೆ ಹಾಕಿ, ಚೈನು ಸಡಿಲ ಬಿಟ್ಟು, ಸ್ಪ್ರಾಕೆಟ್ಟನ್ನು ಕೈಯಲ್ಲಿ ಹಿಡಿದು ತಿರುಗುವ ದಿಕ್ಕಿನಲ್ಲಿ ಅಲ್ಲಾಡಿಸಿ. ಅಡ್ಡಕ್ಕೆ ಸರಿದರೆ ಚಿಂತೆಯಿಲ್ಲ. ಶಾಫ್ಟು ನಿಂತಲ್ಲೇ ನಿಂತು ಸ್ಪ್ರಾಕೆಟ್ಟೊಂದೇ ಹಿಂದೆ ಮುಂದೆ ‘ಕಟಕಟ’ ಎಂದರೆ ಪ್ಲೇ ಬಂದಿದೆ, ಅಂದರೆ ಹಲ್ಲುಗಳ ನಡುವಿನ ಸಂದು ಹಿಗ್ಗಿದೆ.

ಚೈನು ಮತ್ತು ರಬ್ಬರಿನ ವಿಚಾರವನ್ನು ಎಲ್ಲರೂ ಬಲ್ಲರಾದ್ದರಿಂದ ಬೇಗ ಮುಗಿಸುತ್ತೇನೆ. ಜೋತುಬಿದ್ದ ಚೈನು ಪ್ರತಿ ಸಲ ಆಕ್ಸಿಲರೇಟರ್ ಕೊಟ್ಟಾಗಲೂ ಸ್ಪ್ಲೈನಿಗೆ ಏಟು ಕೊಡುತ್ತದೆ. ಹಿಂದಿನ ಹಬ್ಬಿನೊಳಗಿನ ರಬ್ಬರ್ ತುಂಡುಗಳು ಗಟ್ಟಿಯಾಗಿದ್ದರೆ ಆ ಏಟು ಕಮ್ಮಿಯಾಗದೆ ಹಾಗೇ ಬರುತ್ತದೆ. ಅತಿ ಬಿಗಿ ಚೈನು ಶಾಫ್ಟನ್ನೇ ಎಳೆದು ಬೇರಿಂಗನ್ನು ಹಾಳುಮಾಡುತ್ತದೆ. ಚೈನು ಬೇಡವೆಂದು ಶಾಫ್ಟ್ ಡ್ರೈವಿನ ಗಾಡಿ ಕೊಂಡವರಿಗೂ ಇದರಿಂದ ಬಿಡುಗಡೆಯಿಲ್ಲ. ಹೋಂಡಾದ ಶಾಫ್ಟ್ ಡ್ರೈವ್ ಗಾಡಿಗಳ ಸರ್ವಿಸ್ ಪುಸ್ತಕಗಳು ಚಕ್ರದ ಕಡೆಯ ಸ್ಪ್ಲೈನಿಗೆ ಮಾಲಿಬ್ಡಿನಮ್ ಪೇಸ್ಟ್ ಹಚ್ಚಲು ಹೇಳುತ್ತವೆ, ಹಚ್ಚದವರ ಗಾಡಿಗಳಲ್ಲಿ ಅದೇ ಕೆಂಪು ಪುಡಿ. ನಮ್ಮಲ್ಲಿ ಹೆಚ್ಚು ಮಂದಿಗೆ ತಟ್ಟುವ ವಿಷಯ ಸ್ಕೂಟರಿನದು. ಗೇರಿಲ್ಲದ ಸ್ಕೂಟರಿನ ಹಿಂದಿನ ಚಕ್ರ ಕೂರುವುದೇ ಸ್ಪ್ಲೈನಿನ ಮೇಲೆ, ಅದನ್ನು ಹಿಡಿದಿರುವುದು ನೂರರ ಆಸುಪಾಸಿನ ನ್ಯೂಟನ್ ಮೀಟರು ಬೇಡುವ ಒಂದೇ ನಟ್ಟು. ಟೈರು ಬದಲಿಸಲು ಆ ನಟ್ಟನ್ನು ಬಿಚ್ಚಿದ ಅಂಗಡಿಯವನು ಮತ್ತೆ ಬಿಗಿಯುವುದು ಗಿರಾಕಿಯ ಅವಸರಕ್ಕೆ ತಕ್ಕಷ್ಟು. ಹಳೆಯ ಚೇತಕ್ ಸ್ಕೂಟರಿನ ಕಾಲದಲ್ಲಿ ಅಲ್ಲೊಂದು ಸ್ಪ್ಲಿಟ್ ಪಿನ್ ಇರುತ್ತಿತ್ತು. ಪಿನ್ನಿದ್ದೂ ನಟ್ಟು ಸಡಿಲಾಗಿ ಡ್ರಮ್ಮಿನ ಹಲ್ಲು ಹಾರಿಹೋದ ಕಥೆ ಆ ಕಾಲದ ಮೆಕ್ಯಾನಿಕ್ಕುಗಳಿಗೆಲ್ಲ ಗೊತ್ತು.

ಕೊನೆಯ ಆಕ್ಷೇಪ ಖರ್ಚಿನದು. ‘ಹೋದರೆ ಹೋಗಲಿ, ಒಂದು ವೆಲ್ಡಿಂಗ್ ಹೊಡೆಸಿದರಾಯಿತು’ ಎನ್ನುವವರಿದ್ದಾರೆ, ಹೊಡೆದುಕೊಡುವವರೂ ಇದ್ದಾರೆ. ವೆಲ್ಡಿಂಗ್ ಮಾಡಿದ ಸ್ಪ್ರಾಕೆಟ್ಟು ತಕ್ಷಣಕ್ಕೆ ಗಾಡಿಯನ್ನು ಓಡಿಸುವುದು ನಿಜ. ಆದರೆ ಆ ಶಾಖಕ್ಕೆ ಶಾಫ್ಟಿನ ಗಟ್ಟಿತನ ಹೋಗುತ್ತದೆ, ಆಯಿಲ್ ಸೀಲ್ ಸುಡುತ್ತದೆ, ಬೇರಿಂಗಿನ ಮೂಲಕ ಕರೆಂಟು ಹರಿದು ಅದರ ಗುಂಡುಗಳಿಗೆ ಕಲೆ ಬೀಳುತ್ತದೆ. ಸ್ಪ್ರಾಕೆಟ್ಟಿನ ಹಲ್ಲು ಸವೆದ ದಿನ ಕತ್ತರಿಸುವುದು ಏನನ್ನು ಎಂಬ ಪ್ರಶ್ನೆ ಬೇರೆ. ಸರಿಯಾದ ರಿಪೇರಿ ಎಂದರೆ ಹೊಸ ಶಾಫ್ಟು. ಅದನ್ನು ಹಾಕಲು ಹೆಚ್ಚಿನ ಗಾಡಿಗಳಲ್ಲಿ ಎಂಜಿನ್ ಇಳಿಸಿ ಕ್ರ್ಯಾಂಕ್‌ಕೇಸನ್ನು ಎರಡು ಹೋಳು ಮಾಡಲೇಬೇಕು. ಹತ್ತಾರು ರೂಪಾಯಿಯ ವಾಷರು, ಅರ್ಧ ಗಂಟೆಯ ಕೆಲಸ ಒಂದು ಕಡೆ. ಹಳೆಯ ಗಾಡಿಯ ಮಾರುಕಟ್ಟೆ ಬೆಲೆಯ ದೊಡ್ಡ ಪಾಲು ಇನ್ನೊಂದು ಕಡೆ. 1996ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳನ್ನು ಇವತ್ತಿಗೂ ಓಡಿಸುತ್ತಿರುವವರಿಗೆ ಈ ಲೆಕ್ಕ ಇನ್ನೂ ಕಟುವಾದದ್ದು, ಏಕೆಂದರೆ ಅವರ ಶಾಫ್ಟುಗಳನ್ನು ಮಾಡಿದ ಕಾರ್ಖಾನೆಯೇ ಈಗಿಲ್ಲ. ಇಷ್ಟು ಎಚ್ಚರ ಬೇಡುವ ಜೋಡಣೆಯನ್ನು ಮಾಡಿದ್ದು ಎಂಜಿನಿಯರರ ತಪ್ಪಲ್ಲವೇ ಎಂದು ಯಾರಾದರೂ ಕೇಳಿದರೆ ಅರ್ಧ ಒಪ್ಪುತ್ತೇನೆ. ಹಲ್ಲುಗಳನ್ನು ಇನ್ನಷ್ಟು ಉದ್ದ ಕೊರೆಯಬಹುದಿತ್ತು, ಸ್ಪ್ರಾಕೆಟ್ಟಿನ ನಡುಭಾಗವನ್ನು ದಪ್ಪ ಮಾಡಬಹುದಿತ್ತು. ಉಳಿಸಿದ ಉಕ್ಕಿನ ಲಾಭ ಕಂಪನಿಗೆ, ಸವೆದ ಶಾಫ್ಟಿನ ಖರ್ಚು ನಮಗೆ.

ಹಾಗಾಗಿ ಓದುಗರಲ್ಲಿ ಒಂದೇ ಕೋರಿಕೆ. ಮುಂದಿನ ಸಲ ಚೈನ್ ಸ್ಪ್ರಾಕೆಟ್ ಸೆಟ್ ಬದಲಿಸುವಾಗ ಚಹಾ ಕುಡಿಯಲು ಹೋಗದೆ ಪಕ್ಕದಲ್ಲೇ ನಿಲ್ಲಿ. ಹಳೆಯ ಸ್ಪ್ರಾಕೆಟ್ಟು ಹೊರಬಂದಾಗ ಶಾಫ್ಟನ್ನು ಒರೆಸಿಸಿ, ಹಲ್ಲುಗಳ ಮೇಲೆ ಬೆರಳಾಡಿಸಿ ನೋಡಿ. ನಿಮ್ಮ ಗಾಡಿಯ ಪುಸ್ತಕದಲ್ಲಿ ಆ ನಟ್ಟಿಗೆ ಎಷ್ಟು ಟಾರ್ಕ್ ಬರೆದಿದೆ, ಥ್ರೆಡ್ಡು ಬಲಕ್ಕೋ ಎಡಕ್ಕೋ ಎಂಬುದನ್ನು ಮೊದಲೇ ನೋಡಿಕೊಂಡು ಹೋಗಿ. ಹೊಸ ಲಾಕ್ ವಾಷರನ್ನು ನೀವೇ ಕೊಂಡು ಕೊಡಿ, ಹಳೆಯದನ್ನು ನಿಮ್ಮ ಕೈಗೆ ಕೊಡಲು ಹೇಳಿ.